ಕಿಟಕಿ ದೋಸೆ

ನಡುರಾತ್ರಿಯ ಬಲಿಪೂಜೆ ಮುಗಿಸಿ ಮಲಗಿದ್ದೇ ಎರಡಕ್ಕೆ.
ಐದೂವರೆಗೆ ಕರೆಂಟು ಬಂದು ಎಂಟಕ್ಕೆ ಹೋಗುತ್ತದೆಂದು
ಲೈನ್‌ಮನ್ನನ ಹೆಂಡತಿ ಮೊನ್ನೆಯೇ ಹೇಳಿದ್ದಳು;
ಕ್ರಿಸ್ತಜಯಂತಿಗೂ ಪಾಲಹಳ್ಳಿಯ ಫೀಡರಿಗೂ ನಂಟಿಲ್ಲ.

ಕತ್ತಲಲ್ಲೇ ಎದ್ದೆ.
ರಾತ್ರಿ ಕಲಸಿಟ್ಟ ಹಿಟ್ಟು ಮುಚ್ಚಳ ಎತ್ತಿಕೊಂಡು ಕೂತಿತ್ತು.
ಎರಡು ಪಾಲು ಮೈದಾ, ಒಂದು ಪಾಲು ರಾಗಿ,
ನಾಟಿ ಕೋಳಿಯ ನಾಲ್ಕು ಮೊಟ್ಟೆ, ಕರಗಿದ ಬೆಣ್ಣೆ.
ಚಕ್ಕೆ ಲವಂಗ ಕುಟ್ಟುವ ಸದ್ದಿಗೆ ಅವ್ವ ಎದ್ದಳು.
‘ಬಿರಿಯಾನಿಗಾ?’
‘ಅಲ್ಲ ಕಣವ್ವ, ತಿಂಡಿಗೆ.’
‘ತಿಂಡಿಗೆ ಲವಂಗ ಯಾರ್ ಹಾಕ್ತಾರೆ?’

ಯಂತ್ರ ಕೊಂಡದ್ದಲ್ಲ.
ಮೈಸೂರಿನ ಕಾಳಿದಾಸ ರಸ್ತೆಯಲ್ಲಿ
ನಾನು ಬಿಲ್ಲು ಹಾಕುತ್ತಿದ್ದ ವಾಫಲ್ ಅಂಗಡಿ
ಹನ್ನೊಂದೇ ತಿಂಗಳಿಗೆ ಷಟರ್ ಎಳೆಯಿತು.
ಕೊನೆಯ ಸಂಬಳದ ಬದಲು ಮಾಲೀಕ
ಇದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕೊಟ್ಟ.
ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.
ಕಂಡಕ್ಟರ್ ಬಗ್ಗಿ ನೋಡಿ ‘ಲಗೇಜು’ ಎಂದ.

ಪಾಕ ಮಾತ್ರ ನಮ್ಮದು.
ಮೇಪಲ್ ಮರ ನಾನು ಕಂಡಿಲ್ಲ,
ಅಂಗಡಿಯ ಶೀಶೆಯೂ ಕಂಡಿರಲಿಲ್ಲ;
ಅದರಲ್ಲಿದ್ದದ್ದು ಬಣ್ಣದ ಸಕ್ಕರೆನೀರು
ಎಂದು ಶೀಶೆ ತೊಳೆದವಳಿಗೆ ಗೊತ್ತು.
ಮೊನ್ನೆ ಸೈಕಲ್ ತುಳಿದು ಆಲೆಮನೆಗೆ ಹೋಗಿ,
ಅಚ್ಚಿಗೆ ಹುಯ್ಯುವ ಹದ ಬರುವ ಮುಂಚೆಯೇ
ಇನ್ನಾಸಿ ಮಾವನ ಕೈಲಿ ಜೋನಿ ಬೆಲ್ಲ ಹಿಡಿಸಿಕೊಂಡೆ.
ಅದಕ್ಕೆ ಒಣಶುಂಠಿ, ಸಿಪ್ಪೆ ಸಮೇತ ಏಲಕ್ಕಿ,
ಕಿತ್ತಳೆ ಸಿಪ್ಪೆಯ ಒಂದು ಸುರುಳಿ.
ಸಣ್ಣ ಉರಿ. ಉಕ್ಕಿದರೆ ಒಲೆಗೆ ಲಾಭ.
ಎಳೆ ಬರಬಾರದು, ನೀರೂ ಆಗಬಾರದು;
ಸೌಟಿನ ಬೆನ್ನ ಮೇಲೆ ಬೆರಳೆಳೆದರೆ
ದಾರಿ ಹಾಗೇ ಉಳಿಯಬೇಕು.

ಮೊದಲನೆಯದು ಅಂಟಿ, ಎರಡಾಗಿ ಬಾಯಿಬಿಟ್ಟಿತು. ನಾಯಿಗೆ.
ಎರಡನೆಯದೂ ನಾಯಿಗೆ ಎನ್ನುವಷ್ಟರಲ್ಲಿ
ಅಕ್ಕನ ಮಗಳು ಜೋವಿಟ ತಿಂದು ಕೈ ಒರೆಸಿಕೊಂಡಿದ್ದಳು.
ಮೂರನೆಯದು ಎದ್ದು ಬಂತು,
ಅಂಚೆಲ್ಲ ಗರಿ, ಮೈತುಂಬ ಮನೆ.
ಅವ್ವ ಕನ್ನಡಕ ಏರಿಸಿ ನೋಡಿದಳು.
‘ಕಿಟಕಿ ದೋಸೆ.’
ಅಷ್ಟೇ. ಇನ್ನು ಈ ಮನೆಯಲ್ಲಿ
ಅದಕ್ಕೆ ಬೇರೆ ಹೆಸರಿಲ್ಲ.

ಅಪ್ಪ ಮಾತಾಡಲಿಲ್ಲ.
ಮೂವತ್ತೊಂದು ವರ್ಷ ವಿರಿಜಾ ನಾಲೆಯ ಸೌಡಿ;
ತೂಬಿನ ಹಲಗೆ ಎತ್ತಿ, ಇಳಿಸಿ,
ಎರಡೂ ಬದಿಯಿಂದ ಬೈಗುಳ ತಿಂದವನು.
ತಟ್ಟೆ ಹತ್ತಿರ ಎಳೆದುಕೊಂಡ.
ಬದುವಿನ ಮೇಲೆ ಬೆರಳು ನಡೆಸಿದ,
ಆಳ ನೋಡಿದ, ಎಲ್ಲಿ ಒಡೆದಿದೆ ನೋಡಿದ.
ನಾನು ಸೌಟು ತುಂಬ ಪಾಕ ನಡುವಿಗೆ ಸುರಿಯಹೋದರೆ
ಕೈ ಹಿಡಿದ.
‘ಹಂಗಲ್ಲ ಕಣವ್ವ.
ಎಲ್ಲಾ ಮೇಲಿನೋರೇ ಕುಡ್ಕತಾರೆ.
ಮೊದ್ಲು ಕೊನೇದಕ್ಕೆ ಬುಡು.’

ಚಮಚ ತಾನೇ ಇಸಿದುಕೊಂಡ.
ಆಚೆ ಮೂಲೆಯ ಮನೆ ತುಂಬಿತು, ಪಕ್ಕದ್ದು ತುಂಬಿತು,
ಒಂದೂ ಉಕ್ಕಲಿಲ್ಲ.
ದೋಸೆ ತಣ್ಣಗಾಗುತ್ತಿತ್ತು. ಅವ್ವ ಗೊಣಗಿದಳು.
ಜೋವಿಟ ಗದ್ದ ಊರಿ ನೋಡುತ್ತಿದ್ದಳು.
ಸರದಿಗೆಂದು ಸರಿರಾತ್ರಿ ಲಾಟೀನು ಹಿಡಿದು
ನಮ್ಮ ಜಗಲಿಯಲ್ಲಿ ಕೂರುತ್ತಿದ್ದ ಕೊನೆ ತೂಬಿನ ತಾಯಮ್ಮ
ನನಗೆ ನೆನಪಾದಳು.
ಅವನಿಗೂ ಆಗಿರಬಹುದು, ಕೇಳಲಿಲ್ಲ.
ಕೊನೆಯ ಹನಿಗೆ ಚಮಚ ಕೊಡವಿ ಅಂದ:
‘ಎರಡು ಡಬ್ಬಿಗೆ ಹಾಕು. ಪಾಕ ಬ್ಯಾರೆ ಕೊಡು.’

ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಕರೆಂಟು ಹೋಯಿತು.
ಯಂತ್ರದ ಬಾಯೊಳಗೆ ಅರ್ಧ ಬೆಂದದ್ದೊಂದು.
ಅವ್ವ ನಕ್ಕು, ಅಟ್ಟದಿಂದ ಪಡ್ಡಿನ ಕಾವಲಿ ಇಳಿಸಿದಳು:
‘ಇದ್ರಾಗೂ ಗುಂಡಿ ಅವೆ.’
ಲವಂಗದ ಪಡ್ಡು ಗುಂಡಗೆ ಉಬ್ಬಿ ಬಂದವು,
ಪಾಕ ಬಿಟ್ಟರೆ ಜಾರಿ ತಟ್ಟೆಗಿಳಿಯಿತು.
ಅಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು,
ಡಬ್ಬಿಯನ್ನು ಮೊಪೆಡ್ಡಿಗೆ ಸಿಕ್ಕಿಸುತ್ತ ತೀರ್ಪಿತ್ತ:
‘ರುಚಿಯಾಗದೆ.
ನೀರು ಮಾತ್ರ ನಿಲ್ಲಾಕಿಲ್ಲ.’