ಸೂಜಿಗಣ್ಣು

ಓಣ್ಯಾಗ ನನಗ ಭಕ್ತಿ ಭಾಳ ಅಂತ ಹೆಸರೈತಿ.
ಹೊತ್ತು ಮೂಡೂದರಾಗ ಊದಿನಕಡ್ಡಿ, ಎರಡಲ್ಲ, ಐದು.
ಬಾಯಾಗ ಯಾವಾಗ್ಲೂ ಒಂದು ಲವಂಗ.
ಬೆಟಗೇರ್ಯಾಗ ವಾಸನಿಗೂ ಕಾಲದಾವು,
ಮನಿಯಿಂದ ಮನಿಗೆ ನಡಕೊಂಡು ಹೋಗತಾವು.

ಮಷೀನಿನ ಖಾನ್ಯಾಗ ಲೇಸು, ಲೇಸಿನ ಕೆಳಗ ಅಸ್ತರಿನ ತುಂಡು,
ಅದರ ಕೆಳಗ ಅದು.
ಹೆಸರಿಟ್ಟಿಲ್ಲ. ಹೆಸರಿಟ್ರ ಕರದ್ಹಂಗ ಆಕ್ಕೈತಿ.

ಮೊದಲ ಕೊಟ್ಟಾಕಿ ನಮ್ಮತ್ತಿ,
ಬಾಣಂತಿಗೆ ಥಂಡಿ ಹಿಡೀಬಾರದಂತ ಎರಡು ಚಮಚ ಬ್ರಾಂಡಿ.
ಕೂಸು ಹನ್ನೊಂದನೇ ದಿನಕ್ಕ ಹೋತು.
ಚಮಚ ಉಳೀತು.

ನನ್ನ ಗಂಡ ಕುಡದು ಗಟಾರದ ದಂಡಿಗೆ ಬಿದ್ರ
ನಾಕು ಮಂದಿ ಎತ್ತಿ ತಂದು ಕಟ್ಟಿಗೆ ಕುಂಡ್ರಸತಾರ,
'ವೈನೀ, ಒಂದೀಟು ಮಜ್ಜಿಗಿ ಕೊಡ್ರಿ' ಅಂತಾರ.
ನಾ ಬಿದ್ದ ದಿನ ಅವ ಒಳಗಿಂದ ಚಿಲಕಾ ಹಾಕಿದ,
ಟೀವಿ ಜೋರ ಮಾಡಿದ.
ಅವ ಕುಡದಾನ. ನಾನು 'ಅಂಥಾಕಿ'.
ಆ ಮಾತಿನ ಥಾನು ಬಿಚ್ಚಿದ್ರ ಇಡೀ ಓಣಿಗೆ ಅಂಗಿ ಹೊಲೀಬಹುದು,
ಆದ್ರ ಅಳತಿ ನನ್ನೊಬ್ಬಾಕೀದು.

ಧಾರವಾಡದ ದವಾಖಾನ್ಯಾಗ ಚೀಟಿ ಮಾಡಸೂ ಮುಂದ
ಅವನಽ ಹೇಳಿದ, ಹೊಟ್ಟಿಬ್ಯಾನಿ ಅಂತ.
ಹೆಸರು? ದಾಕ್ಷಾಯಣಿ.
ಬರಕೊಳ್ಳಾವ ಬರದ, ದ್ರಾಕ್ಷಾಯಣಿ.
ನಮ್ಮ ಕಡೆ ಎಲ್ಲಾರೂ ಹಂಗಽ ಅಂತಾರ, ಖರೆ,
ಅವತ್ತು ಮಾತ್ರ ಆ ಅಕ್ಷರದಾಗ ಹುಳಿ ವಾಸನಿ ಬಂತು.
ಹೊಟ್ಟಿಬ್ಯಾನಿ ಗುಳಿಗಿ ತಗೊಂಡು ತಿರುಗಿ ಬಂದ್ವಿ.
ಬಸ್ಸಿನ್ಯಾಗ ಮಾತಿಲ್ಲ.
ಅಣ್ಣಿಗೇರ್ಯಾಗ ಶೇಂಗಾ ಕೊಡಿಸಿದ.

ಮುಂಜಾನಿ ಕೈ ನಡಗತಾವು.
ಸೂಜಿಗಣ್ಣು ಒಂದಿದ್ದದ್ದು ಮೂರಾಗತೈತಿ,
ಮೂರೂ ನನ್ನಽ ನೋಡತಾವು.
ಕಾಜಾ ಹಾಕಾಕ ಬರೂ ಫರ್ಜಾನಾಗ ಅಂತಿದ್ದೆ,
'ಕಣ್ಣು ಮಂದ ಆಗ್ಯಾವ, ಪೋಣಿಸಿಕೊಡವಾ.'
ಎರಡು ವರ್ಷ ಪೋಣಿಸಿಕೊಟ್ಟಳು.
ಚಸ್ಮಾ ಮಾಡಸ್ರಿ ಅಂತ
ಒಮ್ಮಿನೂ ಅನಲಿಲ್ಲ.

ನಿನ್ನೆ ಸಂಜೀಕ ಆಕಿ ಹಾವೇರಿಗೆ ಹೋದ್ಲು,
ಅಕ್ಕನ ಮದಿವಿ, ನಾಕು ದಿನ.
ಇವತ್ತು ಮಷೀನಿನ ಮುಂದ ಬಂದು ನೋಡತೇನಿ,
ಕ್ಯಾಲೆಂಡರಿನ ನಾಕು ತಾರೀಖಿಗೆ ಚುಚ್ಚಿದ ಸೂಜಿ,
ಒಂದೊಂದಕ್ಕ ಆರಾರು,
ಬಿಳೀದು, ಕರೀದು, ಅರಿಷಿಣದ್ದು,
ಎಲ್ಲಾದಕ್ಕೂ ದಾರ.

ಖಾನಿ ಜಗ್ಗಿದೆ.
ಲೇಸು ಅಲ್ಲೇ ಇತ್ತು. ಅದೂ ಅಲ್ಲೇ ಇತ್ತು, ಯಾರೂ ಮುಟ್ಟಿಲ್ಲ.
ಮಗ್ಗಲಕ್ಕ, ಹಾಳ್ಯಾಗ ಕಟ್ಟಿಟ್ಟ
ಒಂದು ಪುಡಿಕಿ ಲವಂಗ.

ಕುಂತು ಬಿಟ್ಟೆ.
ಎಷ್ಟೊತ್ತಂತ ಗೊತ್ತಿಲ್ಲ.
ಊದಿನಕಡ್ಡಿ ಹಚ್ಚೂದು ಮರತಿದ್ದೆ,
ಬಾಗಲಾ ತೆರದಽ ಇತ್ತು.