ಕೊಸರು

ಗುರುವಾರ ಹತ್ತೂವರೆಗೆ
ಔಷಧಿ ಅಂಗಡಿಯ ಬಾಗಿಲ ಗಂಟೆ ಎರಡು ಸಲ ಆಡಿದರೆ
ಅದು ಯಾರ್ನಲ್ಡ್ ಅಜ್ಜ.
ಒಂದು ಬಾಗಿಲಿನದು, ಇನ್ನೊಂದು
ಅವನ ಊರುಗೋಲು ಅದಕ್ಕೆ ಸಿಕ್ಕಿಕೊಂಡದ್ದು.
ಆರು ವರ್ಷ, ಹೆಂಡತಿಯ ಹನ್ನೊಂದು ಬಗೆಯ ಮಾತ್ರೆ ಒಯ್ದ.
ಈ ಗುರುವಾರ ತಂದ.
ಚೀಲ ಕೌಂಟರಿನ ಮೇಲೆ ಸುರಿದು
"ಇವು ಇನ್ನು ಬೇಡವಂತೆ" ಎಂದ,
ಬೇಡವೆಂದವರು ಬೇರೆ ಯಾರೋ ಎಂಬಂತೆ.

ಎಣಿಸಬೇಕೆಂಬ ನಿಯಮವಿಲ್ಲ. ಎಣಿಸಿದೆ.
ನೀಲಿ ಮುಚ್ಚಳದ ಡಬ್ಬಕ್ಕೆ ಹಾಕಿದೆ.
ಸಾರಿ ಎಂಬ ಪದ ಇಲ್ಲಿ
ಕಾಲು ತುಳಿದರೂ ಅದೇ, ಹೆಂಡತಿ ಸತ್ತರೂ ಅದೇ;
ಬೇರೆ ಚಿಲ್ಲರೆ ಇಲ್ಲದವಳಂತೆ ಅದನ್ನೇ ಕೊಟ್ಟೆ.

ಊಟದ ಬಿಡುವಿನಲ್ಲಿ, ಹಿಂದಿನ ಕೋಣೆಯಿಂದ
ಸೇತುವೆಯಾಚೆಯ ಗ್ಲೆನಿಸಳ ಹೂವಿನಂಗಡಿಗೆ ಫೋನು.
ಕಿಟಕಿಗೆ ಬಂದರೆ ಆ ಅಂಗಡಿ ಕಾಣುತ್ತದೆ,
ನಡುವೆ ಕಂದು ಬಣ್ಣದ, ಯಾರನ್ನೂ ಮಾತಾಡಿಸದ ಸೆವರ್ನ್.
ನಡೆದರೆ ನಾಲ್ಕೇ ನಿಮಿಷ.
ನಡೆಯಲಿಲ್ಲ. ಮುಖ ತೋರಿಸಿ ಕೊಳ್ಳುವ ಹೂವಲ್ಲ ಅದು.

"ಎಷ್ಟು ಕಡ್ಡಿ?" ಎಂದಳು.
ಕಡ್ಡಿ!
ಸಂತೆಹೊಂಡದ ಬಳಿ ಕೂರುತ್ತಿದ್ದ ಹನುಮಕ್ಕ
ಮೊಳಕೈಯಿಂದ ನಡುಬೆರಳ ತುದಿಗೆ ಕಾಕಡ ಎಳೆದು,
ಬೆರಳು ತುಸು ಮಡಚಿ ಮೋಸ ಮಾಡಿ,
ಬೈಸಿಕೊಂಡು, ನಗುತ್ತ,
ಗೇಣುದ್ದ ಕೊಸರು ಸೇರಿಸಿ ಎಲೆಯಲ್ಲಿ ಸುತ್ತುತ್ತಿದ್ದಳು.
"ಹನ್ನೊಂದು" ಎಂದೆ,
ಬಾಯಿಗೆ ಬಂದ ಸಂಖ್ಯೆ ಅದು.

"ಬಿಳಿ ಲಿಲ್ಲಿ?" "ಆಗಲಿ." "ಯಾವ ಮನೆ?"
ಆರು ವರ್ಷ ಲೇಬಲ್ಲಿಗೆ ಅಂಟಿಸಿದ ವಿಳಾಸ
ಹೇಳುವಾಗ ಮಾತ್ರ ಕದ್ದ ಮಾಲು.
"ಓ, ಬೆರಿಲ್! ಅಲ್ಲಿಗೆ ಲಿಲ್ಲಿ ಕೂಡದು ಕಣೇ,
ಬೆಕ್ಕಿದೆ, ಅದರ ಪರಾಗ ನೆಕ್ಕಿದರೂ ಸಾಯುತ್ತದೆ."
ಮದ್ದು ಓದಿದವಳು ನಾನು;
ವಿಷ ಹೇಳಿಕೊಟ್ಟವಳು ಹೂವಿನವಳು.

ಲಿಲ್ಲಿ ಹೋಗಿ ಫ್ರೀಸಿಯಾ ಆಯಿತು.
"ಕಾರ್ಡಿನಲ್ಲಿ ಏನು ಬರೆಯಲಿ?"
ನದಿ ನೋಡಿದೆ. ಮರದ ದಿಮ್ಮಿಯೊಂದು
ಕಮಾನಿಗೆ ಬಂದು, ಯೋಚಿಸಿ,
ಪಕ್ಕದ ಕಮಾನಿಗೆ ಹೋಯಿತು.
"ಏನೂ ಬೇಡ."
"ಹೆಸರು?"
"ಅದೂ."
"ಸರಿ. ಈ ವಾರ ಆ ಮನೆಗೆ ಹೆಸರಿಲ್ಲದ್ದು ನಾಲ್ಕನೆಯದು."
ನನ್ನ ದನಿ ಗುರುತಿಸದೆ ಇರಲು ಸಾಧ್ಯವಿಲ್ಲ,
ವೈನಿಗೂ ವ್ಯಾನಿಗೂ ಒಂದೇ ವಕಾರ ಬಳಸುವವಳು
ಈ ಊರಲ್ಲಿ ನಾನೊಬ್ಬಳೇ.

ಶನಿವಾರ ನೀರು ಏರಿತು.
ದಂಡೆಗೆ ತಡೆಗೋಡೆಯ ಹಲಗೆ ಕೂರಿಸಿದರು,
ಸೇತುವೆಯ ಮೇಲೆ ಗಾಡಿ ನಿಂತಿತು.
ಗ್ಲೆನಿಸಳ ಹುಡುಗ ಕಾಲಮ್, ಹದಿನೇಳು ಇರಬೇಕು,
ಕಟ್ಟುಗಳನ್ನು ಎದೆಗವಚಿ ನಡೆದೇ ದಾಟಿದ,
ಗಾಳಿಗೆ ಬೆನ್ನು ಕೊಟ್ಟು, ಅರ್ಧ ದಾರಿ ಹಿಮ್ಮುಖವಾಗಿ.
ಹೂವೆತ್ತಿದ ಹಾಗೆ ಎನ್ನುತ್ತೇವಲ್ಲ,
ಹಾಗೇನೂ ಇರಲಿಲ್ಲ; ಕುರಿಮರಿ ಎತ್ತಿದ ಹಾಗಿತ್ತು.
ಯಾವುದು ನನ್ನದೋ ಇಲ್ಲಿಂದ ತಿಳಿಯಲಿಲ್ಲ.

ಮತ್ತೆ ಗುರುವಾರ. ಬಾರದಿರಲು ಅವನಿಗೆ ಎಲ್ಲ ಕಾರಣವಿತ್ತು.
ಗಂಟೆ ಎರಡು ಸಲ.
"ಆಸ್ಪಿರಿನ್ ಇದೆಯೇ?"
ಕೇಳಲೇಬೇಕಾದ್ದನ್ನು ಕೇಳಿದೆ: ಯಾರಿಗೆ?
ಹೊಟ್ಟೆಯಲ್ಲಿ ಹುಣ್ಣು ಉಂಟೇ? ಬೇರೆ ಮಾತ್ರೆ?
"ಹೂವಿಗೆ" ಎಂದ.
"ನೀರಿಗೆ ಹಾಕಿದರೆ ನಾಲ್ಕು ದಿನ ಹೆಚ್ಚು ಬಾಳುತ್ತವಂತೆ,
ಬೆರಿಲ್ ಅನ್ನುತ್ತಿದ್ದಳು.
ಮನೆಯಲ್ಲಿರುವ ಹೂದಾನಿ ಮೂರು. ಒಂದು ಕಟ್ಟು
ನನ್ನ ರಬ್ಬರ್ ಬೂಟಿನಲ್ಲಿ ನಿಂತಿದೆ.
ಎಷ್ಟು ಹಾಕಲಿ?"

ಅದರಿಂದ ಏನೂ ಆಗದೆಂದು ಓದಿದ ನೆನಪು.
"ಹನ್ನೊಂದು ಕಡ್ಡಿಗೆ ಒಂದು" ಎಂದುಬಿಟ್ಟೆ.
ಆಡಿದ ಮೇಲೆ ತುಟಿ ಕಚ್ಚಿಕೊಂಡೆ.

ಅಜ್ಜ ನಾಣ್ಯಗಳನ್ನು ಒಂದೊಂದಾಗಿ ಸಾಲಿಗಿಟ್ಟ.
"ಬೂಟಿನದರಲ್ಲಿ ಹನ್ನೆರಡಿವೆ" ಎಂದ,
ತಲೆ ಎತ್ತದೆ.
"ಎಣಿಸಿದ್ದೇನೆ."