ಒಂದೇ ತಂಪಿನ ಎರಡು ಸೀಸೆ

ತಿಕೋಟಾ ರಸ್ತೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ
ಗಂಧಕದ ಹೊಗೆ ಇನ್ನೂ ತಗಡಿಗೆ ಅಂಟಿಕೊಂಡಿತ್ತು.
ಹದಿನಾಲ್ಕು ಪುಟದ ಒಪ್ಪಿಗೆಪತ್ರ ಬಿಚ್ಚಿ ಕುಳಿತೆ.
ಸುತ್ತ ಇಪ್ಪತ್ತೆರಡು ಹೆಂಗಸರು, ಕೈ ನಿಲ್ಲಿಸದೆ.
ಕೈ ನಿಂತರೆ ಕಿಲೋ ನಿಲ್ಲುತ್ತದೆ,
ಕಿಲೋ ನಿಂತರೆ ಪಗಾರ.

"ಸದರಿ ಲಸಿಕೆಯು ದಂಶಕಗಳಿಂದ ಹರಡುವ
ವೈರಾಣುವಿನ ವಿರುದ್ಧ…"
"ದಂಶಕ ಅಂದ್ರ?"
"ಇಲಿ."
"ಹಂಗಂತ ಬರದಿದ್ರ ಶಾಯಿ ಹೆಚ್ಚಿಗಿ ಹತ್ತತಿತ್ತೇನ್ರಿ?"

ಗಮಲಿಬಾಯಿ ತಲೆ ಎತ್ತದೆಯೇ ಕೇಳಿದ್ದಳು.
ಅವಳ ಬೆರಳು ಮೇಜಿನ ಮೇಲೆ ತನ್ನಷ್ಟಕ್ಕೆ ನಡೆದಿತ್ತು:
ತೊಟ್ಟು ಬೇರೆ, ಹರಳು ಬೇರೆ, ಕಪ್ಪಾದದ್ದು ಬೇರೆ,
ಆಮೇಲೆ ಕಪ್ಪು ದ್ರಾಕ್ಷಿಯಂತೆಯೇ ಕಾಣುವ ಇನ್ನೊಂದು,
ತುದಿ ತುಸು ಚೂಪು, ಒತ್ತಿದರೆ ಜಿಗುಟಿಲ್ಲ,
ಅದು ಸದ್ದಿಲ್ಲದೆ ಕಾಲ ಬುಡದ ಡಬ್ಬಿಗೆ.
"ಇಪ್ಪತ್ತು ವರ್ಷಾತು. ಕರೆಂಟ ಹೋಗ್ಲಿ,
ಹಿಕ್ಕಿ ಹಿಕ್ಕಿನ, ಹಣ್ಣು ಹಣ್ಣ."

ಹೋದ ವರ್ಷ ತಂಗೆವ್ವ ಹಳೆ ಖೋಲಿ ಕಸ ಹೊಡೆದಳು.
ಮುಚ್ಚಿಟ್ಟ ಖೋಲಿ, ಒಣ ಧೂಳು, ಬರಿ ಮೂಗು.
ಮೂರನೇ ವಾರ ಜ್ವರ. ಆಮೇಲೆ ಉಚ್ಚೆ ಕಟ್ಟಿತು.
ಡೆಂಗಿ ಅಂದರು, ಚಿಕನ್‌ಗುನ್ಯಾ ಅಂದರು,
ಸೊಲ್ಲಾಪುರದ ದಾರಿಯಲ್ಲಿ ಯಾರೂ ಏನೂ ಅನ್ನಲಿಲ್ಲ.
ಅವಳ ಸ್ಟೂಲು ಇನ್ನೂ ಇದೆ.
ಅದರ ಮೇಲೆ ತಕ್ಕಡಿ ಇಟ್ಟಿದ್ದಾರೆ.

"ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ…"
"ಚೀಟಿ ಎತ್ತೂದು ಅನ್ರಿ," ಅಂದಳು ಹಜರತಬಿ,
"ನಮ್ಮ ಭಿಶಿ ಇದ್ದಂಗ."
ಹೌದು. ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಉಪ್ಪುನೀರು.
"ಭಿಶಿಯೊಳಗ ಈ ತಿಂಗಳ ತಪ್ಪಿದ್ರ ಮುಂದ ಬಂದ ಬರತೈತಿ.
ಇದರಾಗ?"
ಹನ್ನೊಂದನೇ ಪುಟದಲ್ಲಿ ಅದಕ್ಕೆ ಉದ್ದ ಉತ್ತರವಿತ್ತು.
ಗಿಡ್ಡ ಮಾಡಿ ಹೇಳಿದೆ:
ಮದ್ದು ನಾಟಿದರೆ, ಕೊನೆಗೆ ಎಲ್ಲರಿಗೂ.
"ನಾಟಲಿಕ್ರ?"
ಯಾರಿಗೂ ಇಲ್ಲ.

ಆಗ ಗಮಲಿಬಾಯಿ ಕೈ ಚಾಚಿದಳು.
"ತರ್ರಿ ಇಲ್ಲೆ. ಯಾವ್ದು ಯಾವ್ದಂತ ನಾ ಹೇಳ್ತೀನಿ."
ಕೊಡಬಾರದಿತ್ತು. ಕೊಟ್ಟೆ.

ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದಳು,
ಕಿಂಡಿಯ ಬಿಸಿಲಿಗೆ ಹಿಡಿದಳು,
ಮೂಸಿದಳು, ಕಿವಿಯ ಹತ್ತಿರ ಅಲ್ಲಾಡಿಸಿದಳು.
ಬೆಳಿಗ್ಗೆಯಿಂದ ಮೊದಲ ಸಲ
ಮೇಜಿನ ಮೇಲಿನ ಕೈಗಳೆಲ್ಲ ನಿಂತವು.

"ನಾಕ ಡಿಗ್ರಿ," ಅಂದಳು ಕೊನೆಗೆ.
"ನಮ್ಮ ಕೋಲ್ಡ್ ಸ್ಟೋರೇಜಿನ ಥಂಡಿ. ಇಷ್ಟ ಗೊತ್ತಾತು.
ನಿಮಗ?"
"ನನಗೂ ಗೊತ್ತಿಲ್ಲ."
"ಡಾಕ್ಟರಗ?"
"ಅವರಿಗೂ."
"ಹಂಗಾರ ಎಲ್ಲಾರೂ ಕುರುಡ್ರ," ಅಂದು
ಕುಪ್ಪಸದ ತೋಳು ಮೇಲೇರಿಸಿದಳು.

ಆರು ಜನ ಏಳಲಿಲ್ಲ. ಬಸುರಿ ನೀಲಾಂಬಿಕೆಯನ್ನು ನಾನೇ ಕೂರಿಸಿದೆ.
ಖೋಲಿಗೆ ನೀರು ಚಿಮುಕಿಸಿ, ಮೂಗು ಕಟ್ಟಿಕೊಂಡು ಗುಡಿಸಿರಿ ಎಂದೆ.
ಮೂಗಿನ ಪಟ್ಟಿ ಕೊಡಿಸಿ ಎಂದರೆ ಸಾಹುಕಾರ,
"ಈಗ ಇಂಜೆಕ್ಷನ್ ಬಂತಲ್ಲ ಬಾಯಾರ,"
ಅಂದು ಫೋನು ಎತ್ತಿಕೊಂಡ.

ಮರುದಿನ ಹಜರತಬಿಯ ತೋಳು ಲಿಂಬೆಹಣ್ಣಿನಷ್ಟು ಬಾತಿತ್ತು.
ಬಳೆ ಸರಿಸಿ ಸರಿಸಿ ಎಲ್ಲರಿಗೂ ತೋರಿಸಿದಳು.
ಗಮಲಿಬಾಯಿಗೆ ಏನೂ ಇಲ್ಲ, ಒಂದು ತುರಿಕೆ ಕೂಡ.
"ನಂದು ಉಪ್ಪೇನ್ರಿ?"
"ಗೊತ್ತಿಲ್ಲ, ಬಾಯಿ."
"ಉಪ್ಪು ತಿಂದವ್ರು ನೀರು ಕುಡೀಬೇಕಂತಾರ.
ನೀವು ಎರಡೂ ಕೂಡೇ ಕೊಟ್ಟೀರಿ ಬಿಡ್ರಿ."
ತಾನೇ ಮೊದಲು ನಕ್ಕಳು.
ನಗುತ್ತಲೇ ತಂಗೆವ್ವನ ಸ್ಟೂಲಿನ ಕಡೆ ನೋಡಿದಳು,
ಬೆರಳು ಮತ್ತೆ ಕೆಲಸಕ್ಕೆ ಹತ್ತಿದವು.

ಹೊರಡುವಾಗ ಪೇಪರಿನಲ್ಲಿ ಕಟ್ಟಿಕೊಟ್ಟಳು ಒಂದು ಹಿಡಿ.
ವಿಜಯಪುರದ ಬಸ್ಸಿನಲ್ಲಿ ದೀಪ ಆರಿತ್ತು.
ಒಂದೊಂದನ್ನೂ ಬಾಯಿಗೆ ಹಾಕುವ ಮೊದಲು ಒತ್ತಿ ನೋಡಿದೆ.
ಅವಳ ಕೈ ದಾಟಿ ಬಂದದ್ದು, ಹಣ್ಣೇ ಇರಬೇಕು.
ನನ್ನ ಬೆರಳಿಗೆ
ಇನ್ನೂ ಏನೂ ಗೊತ್ತಾಗುವುದಿಲ್ಲ.